ಚಿಕ್ಕಪ್ಪನ ನೂರ ಇಪ್ಪತ್ತೇಳು ಡಿಗ್ರಿ

"ನೀರು ಎಷ್ಟು ಡಿಗ್ರಿಗೆ ಕುದಿಯುತ್ತೋ?"

ಬಾಗಿಲು ತೆಗೆದವನಿಗೆ ಚಿಕ್ಕಪ್ಪ ಕೇಳಿದ ಮೊದಲ ಮಾತು ಇದು. ರಜಾದಿನದ ಬೆಳಗು. ಹಲ್ಲುಜ್ಜುವ ಬ್ರಷ್ಷು ಇನ್ನೂ ನನ್ನ ಬಾಯಲ್ಲೇ ಇತ್ತು.

"ನೂರು," ಎಂದೆ, ಬ್ರಷ್ಷಿನ ಪಕ್ಕದಿಂದ.

"ಖಂಡಿತಾನಾ?"

"ಶಾಲೇಲಿ ಹಾಗೇ ಹೇಳ್ಕೊಟ್ಟಿದ್ದು. ಆಮೇಲೆ ಬದಲಾಯಿಸಿದ್ರೆ ನಂಗೊತ್ತಿಲ್ಲ."

ಚಿಕ್ಕಪ್ಪ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು. ಮುಖದಲ್ಲಿ ಹೆದರಿಕೆ ಇತ್ತು. ಆದರೆ ಹೆದರಿಕೆಯ ಮೇಲೆ ತೆಳ್ಳಗೆ ಒಂದು ಪದರ ಹೆಮ್ಮೆಯೂ ಇತ್ತು. ಮಗ ಪಕ್ಕದ ಮನೆಯ ಕಿಟಕಿ ಗಾಜು ಒಡೆದದ್ದು ತಪ್ಪೇ, ಆದರೆ ಎಷ್ಟು ದೂರದಿಂದ ಒಡೆದ ನೋಡಿ ಎನ್ನುವ ತಂದೆಯ ಮುಖ ಹಾಗಿರುತ್ತದೆ.

"ಹಾಗಾದ್ರೆ ನಮ್ಮ ಕಂಪ್ಯೂಟರು ನೀರನ್ನ ದಾಟಿ ಮುಂದೆ ಹೋಗಿದೆ ಕಣೋ. ನೂರ ಇಪ್ಪತ್ತೇಳು! ಬೇಗ ಬಾ. ಬರೋವಾಗ ಜ್ವರದ ಕಡ್ಡಿ ತಗೊಂಡು ಬಾ."

ನಾನು ಔಷಧಿ ಅಂಗಡಿಯಲ್ಲಿ ನಿಂತು ಮಾತ್ರೆ ಕತ್ತರಿಸಿ ಕೊಡುವವನು. ಆದರೆ ನಮ್ಮ ಕಟ್ಟಡದವರ ಲೆಕ್ಕದಲ್ಲಿ ಅರ್ಧ ಡಾಕ್ಟರು. ಯಾರಿಗೆ ಕೆಮ್ಮು ಹತ್ತಿದರೂ, ಯಾರ ಮನೆ ಬೆಕ್ಕು ಹಾಲು ಮುಟ್ಟದೆ ಮಲಗಿದರೂ ಮೊದಲು ತಟ್ಟುವುದು ನನ್ನ ಬಾಗಿಲನ್ನೇ. ಆದರೆ ಕಂಪ್ಯೂಟರಿಗೆ ಜ್ವರ ಬಂದಿದೆ ಎಂದು ಕರೆ ಬಂದದ್ದು ಅದೇ ಮೊದಲು.

ಚಿಕ್ಕಪ್ಪನ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋದರೆ ಅವರಿಗೆ ಅನ್ಯಾಯ ಮಾಡಿದಂತಾಗುತ್ತದೆ. ನಿವೃತ್ತರಾಗುವವರೆಗೆ ಅವರು ನೀರು ಸರಬರಾಜು ಕಚೇರಿಯಲ್ಲಿ ಮೀಟರ್ ನೋಡುವ ಕೆಲಸದಲ್ಲಿದ್ದರು. ಮನೆಮನೆಗೆ ಹೋಗುವುದು, ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ಗಾಜನ್ನು ಕೈವಸ್ತ್ರದಿಂದ ಒರೆಸುವುದು, ಅಂಕಿ ಓದುವುದು. ಕಚೇರಿಯಲ್ಲಿ ಅವರ ಹೆಸರು ಎಲ್ಲರಿಗೂ ಮರೆತುಹೋಗಿ 'ರೀಡಿಂಗಪ್ಪ' ಎಂದೇ ಉಳಿದಿತ್ತು. ಮೀಟರು ಒಂದು ಮಾತು ಹೇಳಿತೆಂದರೆ ಅವರ ಮಟ್ಟಿಗೆ ಅಲ್ಲಿಗೆ ಮುಗಿಯಿತು. "ಸಾರ್, ನಾವು ಊರಲ್ಲೇ ಇರ್ಲಿಲ್ಲ, ಮನೆಗೆ ಬೀಗ ಹಾಕಿತ್ತು, ಇಷ್ಟು ನೀರು ಹೇಗೆ ಖರ್ಚಾಗುತ್ತೆ?" ಎಂದು ಯಾರಾದರೂ ಗೋಳಾಡಿದರೆ ಚಿಕ್ಕಪ್ಪ ಶಾಂತವಾಗಿ ಕೇಳುತ್ತಿದ್ದರು: "ನೀವು ಇರ್ಲಿಲ್ಲ, ಒಪ್ಕೋತೀನಿ. ಆದ್ರೆ ಮೀಟರ್ ಇತ್ತು. ಇಲ್ಲಿ ಏನಾಯ್ತು ಅಂತ ಇದ್ದವರು ಹೇಳ್ಬೇಕೋ, ಇಲ್ಲದವರು ಹೇಳ್ಬೇಕೋ?"

ನಿವೃತ್ತಿಯ ನಂತರ ಈ ಭಕ್ತಿ ಮನೆಯೊಳಗೆ ಬಂದು ಕೂತಿತು. ಗೋಡೆಯ ಥರ್ಮಾಮೀಟರು ಚಳಿಯಿಲ್ಲ ಎಂದು ತೋರಿಸಿದರೆ ನಡುಗುತ್ತಲೇ ಸ್ವೆಟರ್ ಬಿಚ್ಚಿಡುವರು. ತೂಕದ ಯಂತ್ರ ಇಳಿದಿದ್ದೀರಿ ಎಂದರೆ, ಬಿಗಿಯಾದ ಪ್ಯಾಂಟಿನ ಗುಂಡಿ ಹಾಕಿಕೊಳ್ಳಲಾಗದೆ ಒದ್ದಾಡುತ್ತಲೇ, "ಬಟ್ಟೆ ಕುಗ್ಗಿದೆ ಕಣೇ," ಎನ್ನುವರು.

ಕಂಪ್ಯೂಟರು ಚಿಕ್ಕಮ್ಮನದು. ಅವರು ಕಸೂತಿ ಯಂತ್ರ ಇಟ್ಟುಕೊಂಡಿದ್ದಾರೆ. ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸಿದರೆ ತಂತಿಯ ಮೂಲಕ ಯಂತ್ರಕ್ಕೆ ಹೋಗಿ, ಸೂಜಿ ತಾನೇ ಓಡಾಡಿ ಬಟ್ಟೆಯ ಮೇಲೆ ಹೊಲಿಯುತ್ತದೆ. ಇಷ್ಟು ದಿನ ಮಕ್ಕಳ ಅಂಗಿಯ ಜೇಬಿಗೆ ಹೆಸರು, ಕರವಸ್ತ್ರದ ಮೂಲೆಗೆ ಹೂವು, ಇಂಥ ಚಿಲ್ಲರೆ ಕೆಲಸ ಮಾಡಿಕೊಂಡಿದ್ದವರಿಗೆ ಮೊದಲ ಸಲ ದೊಡ್ಡದೊಂದು ಕೆಲಸ ಸಿಕ್ಕಿತ್ತು. ಹೊಸದಾಗಿ ತೆರೆಯಲಿದ್ದ ಹೋಟೆಲಿನವರು ದಿಂಬಿನ ಚೀಲಗಳ ಮೇಲೆ ತಮ್ಮ ಗುರುತನ್ನು, ಒಂಟಿಕಾಲಲ್ಲಿ ನಿಂತ ಕೊಕ್ಕರೆಯನ್ನು, ಹೊಲಿದುಕೊಡಲು ಕೇಳಿದ್ದರು. ಮೊದಲ ಕಂತು ನೋಡಲು ಹೋಟೆಲಿನ ಮ್ಯಾನೇಜರು ಅದೇ ಸಂಜೆ ಬರುವುದಿತ್ತು. ಮೆಚ್ಚಿದರೆ ಎಲ್ಲ ಕೋಣೆಗಳ ಕೆಲಸವೂ ಚಿಕ್ಕಮ್ಮನಿಗೆ. ಇಲ್ಲದಿದ್ದರೆ ಪೇಟೆಯ ದೊಡ್ಡ ಅಂಗಡಿಗೆ.

ಇಂಥ ಹೊತ್ತಿನಲ್ಲಿ ಕಂಪ್ಯೂಟರು ಒಂದು ಸಲ ಕಣ್ಣು ಮಿಟುಕಿಸಿ ಸುಮ್ಮನಾಯಿತು. ಮದರ್‌ಬೋರ್ಡು ಸುಟ್ಟಿದೆ ಎಂದು ಗೊತ್ತಾಯಿತು. ಚಿಕ್ಕಮ್ಮ ರಿಪೇರಿಯವನನ್ನು ಕರೆಸಿ ಎಂದರು. ಚಿಕ್ಕಪ್ಪ ಎದೆಯುಬ್ಬಿಸಿದರು. "ಈ ಊರಿನ ಅರ್ಧ ಮೀಟರ್‌ಗಳನ್ನ ಬಿಚ್ಚಿ ಕೂಡಿಸಿದವನು ಮನೇಲಿದ್ದೀನಿ. ಹೊರಗಿನವನು ಯಾಕೆ?"

ಹಿಂದಿನ ದಿನ ಅವರು ಹೊಸ ಬೋರ್ಡು ಕೂರಿಸುವಾಗ ನಾನೂ ಪಕ್ಕದಲ್ಲಿದ್ದೆ. ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಅದನ್ನು ಡಬ್ಬಿಯಿಂದ ಎರಡೂ ಕೈಯಲ್ಲಿ ಎತ್ತಿ ಇಟ್ಟಾಗ ನಾವು ಮೂವರೂ ಅದರ ಮೇಲೆ ಬಗ್ಗಿ ನಿಂತೆವು. ನಾನು ವಿಮಾನ ಹತ್ತಿದವನಲ್ಲ. ಆದರೆ ಆಕಾಶದಿಂದ ಊರು ಹೇಗೆ ಕಾಣುತ್ತದೆ ಎಂದು ಆ ಹೊತ್ತಿಗೆ ಗೊತ್ತಾಯಿತು. ಕೂದಲೆಳೆಯಂಥ ರಸ್ತೆಗಳು, ಒಂದಕ್ಕೊಂದು ತಾಗದೆ ತಿರುವು ತಗೊಂಡು ಎಲ್ಲಿಗೋ ಹೋಗುವ ಗಲ್ಲಿಗಳು, ನೀರಿನ ಟ್ಯಾಂಕುಗಳಂತೆ ಸಾಲಾಗಿ ನಿಂತ ಪುಟ್ಟ ಡಬ್ಬಿಗಳು, ನಡುವೆ ಯಾರೋ ಇನ್ನೂ ಮನೆ ಕಟ್ಟದೆ ಬಿಟ್ಟ ಚೌಕಾಕಾರದ ಮೈದಾನ. "ಇಷ್ಟೆಲ್ಲ ಒಬ್ಬ ಮನುಷ್ಯ ಮಾಡಿದ್ದಾ?" ಎಂದು ಚಿಕ್ಕಮ್ಮ ಪಿಸುಗುಟ್ಟಿದರು. ಯಾಕೆ ಪಿಸುಗುಟ್ಟಿದರೋ ಗೊತ್ತಿಲ್ಲ. ನಾನೂ ಪಿಸುಗುಟ್ಟಿಯೇ ಉತ್ತರ ಕೊಟ್ಟೆ.

ಇನ್ನೂ ದೊಡ್ಡ ಆಶ್ಚರ್ಯವೆಂದರೆ, ಚಿಕ್ಕಪ್ಪ ಅದನ್ನು ಕೂರಿಸಿ, ತಿರುಪು ಬಿಗಿದು, ಗುಂಡಿ ಒತ್ತಿದಾಗ ಕಂಪ್ಯೂಟರು ಎದ್ದು ಕೂತಿತು. ಚಿಕ್ಕಮ್ಮನ ಬಾಯಿಂದ, "ಪರ್ವಾಗಿಲ್ವೇ!" ಎಂಬ ಶಬ್ದ ಹೊರಟಿತು. ಅವರ ಸಂಸಾರದಲ್ಲಿ ಆ ಶಬ್ದ ಕೇಳುವುದು ಅಪರೂಪ. ಆ ಖುಷಿಯಲ್ಲಿ ಚಿಕ್ಕಪ್ಪ ಅಲ್ಲಿಗೇ ನಿಲ್ಲಿಸಿ ಎದ್ದು ಬಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಅವರಿಗೆ ಒಂದು ಕೊರತೆ ಕಂಡಿತು. ಇಷ್ಟು ದೊಡ್ಡ ಯಂತ್ರಕ್ಕೆ ಒಂದು ಮೀಟರ್ ಇಲ್ಲವಲ್ಲ! ಹುಡುಕಿ, ಒಳಗಿನ ಬಿಸಿಯನ್ನು ತೋರಿಸುವ ಪುಗಸಟ್ಟೆ ಪ್ರೋಗ್ರಾಮೊಂದನ್ನು ಮರುದಿನ ಬೆಳಿಗ್ಗೆ ಎದ್ದವರೇ ಹಾಕಿಕೊಂಡರು.

ನಾನು ಕೆಳಗಿಳಿದು ಹೋದಾಗ ಕಂಪ್ಯೂಟರ್ ಕೋಣೆಯ ನೆಲದ ಮೇಲೆ ಸೀಮೆಸುಣ್ಣದ ಗೆರೆ ಬಿದ್ದಿತ್ತು. ಯಂತ್ರದ ಪಕ್ಕದ ಮುಚ್ಚಳ ಬಿಚ್ಚಿತ್ತು. ಚಿಕ್ಕಮ್ಮ ಕಸೂತಿ ಯಂತ್ರದ ಮುಂದೆ ಕೈಕಟ್ಟಿ ಕೂತಿದ್ದರು.

"ಗೆರೆ ದಾಟ್ಬೇಡ," ಎಂದರು ಚಿಕ್ಕಪ್ಪ. ಆಮೇಲೆ ಪೊರಕೆಯ ಹಿಡಿಯನ್ನು ದೂರದಿಂದಲೇ ಚಾಚಿ ಗುಂಡಿ ಒತ್ತಿದರು. ಪರದೆ ಬೆಳಗಿತು. ಸಾಲಾಗಿ ಅಂಕಿಗಳು. ಮೊದಲ ಸಾಲು ನಲವತ್ತರ ಆಸುಪಾಸು, ಎರಡನೆಯದು ಅದಕ್ಕಿಂತ ಕಡಿಮೆ. ಮೂರನೆಯ ಸಾಲು ಕೆಂಪಗೆ ಉರಿಯುತ್ತಿತ್ತು: ೧೨೭.

"ನೋಡ್ದೆಯಾ? ಎದ್ದ ತಕ್ಷಣ! ಬಿಸಿಯಾಗೋಕೆ ಸಮಯಾನೂ ತಗೊಳ್ಳಲ್ಲ!" ಚಿಕ್ಕಪ್ಪ ಪೊರಕೆಯ ಹಿಡಿಯಿಂದಲೇ ಪರದೆ ತೋರಿಸಿದರು. "ನಮ್ಮ ಸ್ಟವ್ ಮೇಲೆ ಇಟ್ಟ ನೀರು ಕಾಯೋಕೆ ಎಷ್ಟೊತ್ತು ಬೇಕು! ಇದು, ಕಣ್ಣು ಬಿಟ್ತು, ನೂರ ಇಪ್ಪತ್ತೇಳು!"

"ಬಿಸಿ ಅನ್ನಿಸ್ತಿಲ್ವಲ್ಲ ಚಿಕ್ಕಪ್ಪ."

"ಅನ್ನಿಸೋದು ಬೇರೆ, ಇರೋದು ಬೇರೆ."

"ನಾನೂ ಬೆಳಿಗ್ಗೆಯಿಂದ ಅದನ್ನೇ ಹೇಳ್ತಿದ್ದೀನಿ," ಎಂದರು ಚಿಕ್ಕಮ್ಮ. "ಸಂಜೆಗೆ ಮ್ಯಾನೇಜರ್ ಬರ್ತಾರೆ. ಒಂದೇ ಒಂದು ಕೊಕ್ಕರೆ ಹೊಲಿಯೋಕೆ ಬಿಡ್ತಿಲ್ಲ ಈ ಮನುಷ್ಯ."

"ಸುಮ್ನೆ ಕೂತಾಗಲೇ ನೂರ ಇಪ್ಪತ್ತೇಳು ಕಣೇ! ಕೆಲ್ಸ ಕೊಟ್ರೆ ಏನು ಗತಿ? ಕೊಕ್ಕರೆ ಜೊತೆ ನಾವೂ ಒಂಟಿಕಾಲಲ್ಲಿ ಓಡ್ಬೇಕಾಗುತ್ತೆ."

ಜ್ವರದ ಕಡ್ಡಿಯನ್ನು ಉದ್ದನೆಯ ಮರದ ಸ್ಕೇಲಿಗೆ ಕಟ್ಟಿ, ಗೆರೆಯ ಈಚೆಯಿಂದಲೇ ಯಂತ್ರದೊಳಗೆ ತೂರಿಸಿದೆವು. ಸ್ವಲ್ಪ ಹೊತ್ತು ಬಿಟ್ಟು ತೆಗೆದು ನೋಡಿದರೆ ಪಾದರಸ ಜಾಗ ಬಿಟ್ಟು ಕದಲಿರಲಿಲ್ಲ.

"ಏನೂ ಇಲ್ಲ ಚಿಕ್ಕಪ್ಪ. ನಿಮಗಿಂತ ತಣ್ಣಗಿದೆ."

ಚಿಕ್ಕಪ್ಪ ಕಡ್ಡಿಯನ್ನು ಬೆಳಕಿಗೆ ಹಿಡಿದು, ಬಹಳ ಮರುಕದಿಂದ ನೋಡಿದರು. "ಪಾಪ. ಇದು ಮನುಷ್ಯರ ಜ್ವರ ನೋಡಿ ಬೆಳೆದಿರೋದು. ಅಷ್ಟು ದೊಡ್ಡದನ್ನ ಕಂಡು ಗಾಬರಿಬಿದ್ದು ಮೂಲೆ ಹಿಡಿದಿದೆ."

ಬೋರ್ಡು ಮಾರಿದ ಅಂಗಡಿಯವನಿಗೆ ಫೋನು ಮಾಡಿ ಎಂದೆ. ಚಿಕ್ಕಪ್ಪ ಮಾಡಿದರು. ಆದರೆ ನೂರ ಇಪ್ಪತ್ತೇಳು ಎಂದರೆ, ನೀವು ನೆಟ್ಟಗೆ ಕೂರಿಸಿಲ್ಲ ಅಂತ ಎಲ್ಲಿ ಹೇಳಿಬಿಡುತ್ತಾನೋ, ಅದೂ ಚಿಕ್ಕಮ್ಮ ಕೇಳಿಸಿಕೊಳ್ಳುವ ಹಾಗೆ! "ಹಲೋ, ಏನಿಲ್ಲ, ಸ್ವಲ್ಪ... ಒಂಚೂರು ಬೆಚ್ಚಗಿದೆ ಅಷ್ಟೇ," ಎಂದರು. ಆತ, "ಪ್ರಾಸೆಸರ್ ಮೇಲೆ ಶಾಖ ಎಳೆಯೋ ಬಿಳಿ ಪೇಸ್ಟ್ ಇನ್ನೊಂದ್ಸಲ ಹಚ್ಚಿ, ಫ್ಯಾನ್ ಗಟ್ಟಿಯಾಗಿ ಒತ್ತಿ ಕೂರ್ಸಿ, ಸರಿಹೋಗುತ್ತೆ," ಎಂದು ಫೋನಿಟ್ಟ.

ಅಲ್ಲಿಂದ ಪೇಸ್ಟಿನ ಪರ್ವ ಶುರುವಾಯಿತು. ಪೂರ್ತಿ ಆರಿಸಿ, ತಣಿಯಲೆಂದು ಕಾದು, ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡು ಗೆರೆ ದಾಟಿ ಫ್ಯಾನು ಬಿಚ್ಚಿ, ಒರೆಸಿ, ಬಟಾಣಿ ಕಾಳಿನಷ್ಟು ಹಚ್ಚಿ ಕೂರಿಸಿದರು. ನೂರ ಇಪ್ಪತ್ತೇಳು. ಮತ್ತೆ ಬಿಚ್ಚಿ ಸಾಸಿವೆಯಷ್ಟು ಹಚ್ಚಿದರು. ನೂರ ಇಪ್ಪತ್ತೇಳು. ಮೂರನೆಯ ಸಲ ಬ್ರೆಡ್ಡಿಗೆ ಬೆಣ್ಣೆ ಬಳಿಯುವ ಚಾಕುವನ್ನೇ ತಂದರು. ಅವರ ಮೂಗು, ಗಡ್ಡ, ನನ್ನ ಅಂಗಿಯ ತೋಳು ಎಲ್ಲ ಬೆಳ್ಳಗಾದವು. ಅಂಕಿ ಮಾತ್ರ ಕೆಂಪಗೇ ಉಳಿಯಿತು.

ಆ ಹೊತ್ತಿಗೆ ಕಟ್ಟಡದ ಸೆಕ್ರೆಟರಿ ಬಂದರು. ಮೆಟ್ಟಿಲ ಮೇಲೆ ಯಾರೋ ಒದ್ದೆ ಛತ್ರಿ ಇಟ್ಟಿದ್ದಾರೆ ಎಂದು ಪ್ರತಿ ಮನೆಗೂ ಹೋಗಿ ದೂರುತ್ತಾ ಬರುತ್ತಿದ್ದವರು. ಚಿಕ್ಕಪ್ಪನ ಬಿಳಿ ಮೂಗು ನೋಡಿ ಛತ್ರಿ ಮರೆತರು.

"ಏನ್ಸಾರ್ ಇದು?"

ಚಿಕ್ಕಪ್ಪ ಪರದೆಯತ್ತ ಕೈ ತೋರಿದರು. ಸೆಕ್ರೆಟರಿ ಗೆರೆಯ ಅಂಚಿಗೆ ಬಂದು, ಕನ್ನಡಕ ಏರಿಸಿ ಓದಿದರು. ಅವರ ಬಾಯಿ ನಿಧಾನವಾಗಿ ತೆರೆಯಿತು.

"ನಮ್... ನಮ್ಮ ಕಟ್ಟಡದಲ್ಲಾ?"

"ನಮ್ಮ ಕಟ್ಟಡದಲ್ಲೇ," ಎಂದರು ಚಿಕ್ಕಪ್ಪ.

"ಎದುರಿನ ಕಟ್ಟಡದೋರು ಲಿಫ್ಟ್ ಹಾಕ್ಸಿದೀವಿ ಅಂತ ಎಷ್ಟು ಹಾರಾಡ್ತಿದ್ರು!" ಸೆಕ್ರೆಟರಿ ಹಣೆ ಒರೆಸಿಕೊಂಡರು. "ಅಯ್ಯೋ, ಬಾಗಿಲಿಗೆ ಬಂದಾಗಲೇ ಧಗೆ ಹೊಡೀತು ನನಗೆ. ನೋಡಿ, ಬೆವರು ನೋಡಿ!"

ಅವರು ಹೋಗಿ ಮೇಲಿನ ಮನೆಯವರಿಗೆ ಹೇಳಿದರು. ಮೇಲಿನ ಮನೆಯವರು ತಮ್ಮ ನೆಲ ಎರಡು ದಿನದಿಂದ ಬೆಚ್ಚಗಿದೆ ಎಂದು ಸಾಕ್ಷಿ ನುಡಿದರು. ಹೊಸ ಬೋರ್ಡಿಗೆ ಇನ್ನೂ ಒಂದು ದಿನವೂ ತುಂಬಿಲ್ಲ ಎಂದು ನಾನು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಬ್ಬೊಬ್ಬರಾಗಿ ಬಂದರು. ಬಂದವರು ಗೆರೆಯ ಈಚೆ ನಿಂತರು, ಕೈ ಹಿಂದಕ್ಕೆ ಕಟ್ಟಿಕೊಂಡರು, ಓದಿದರು, ಉಸಿರು ಬಿಟ್ಟರು, ಪಕ್ಕದವರನ್ನು ನೋಡಿದರು. ಯಾರೂ ಜೋರಾಗಿ ಮಾತಾಡಲಿಲ್ಲ. ಕೆಮ್ಮು ಬಂದವರು ಹೊರಗೆ ಹೋಗಿ ಕೆಮ್ಮಿ ಬಂದರು. ನನಗೆ ಗೊತ್ತಿದ್ದ ಆ ಜನರನ್ನು ಅಷ್ಟು ವಿನಯವಾಗಿ ನಾನು ಎಂದೂ ಕಂಡಿರಲಿಲ್ಲ.

ಅತ್ತೆ, ಅಂದರೆ ಚಿಕ್ಕಪ್ಪನ ಅಕ್ಕ, ಪಕ್ಕದ ಬಾಗಿಲಿನವರು, ಕುರ್ಚಿ ಎಳೆದುಕೊಂಡೇ ಬಂದರು. ಗೆರೆಗೆ ಸರಿಯಾಗಿ ಕುರ್ಚಿ ಹಾಕಿ, ಮಂಡಿ ಎರಡನ್ನೂ ಯಂತ್ರದ ಕಡೆ ತಿರುಗಿಸಿ ಕೂತು, ಕಣ್ಣು ಮುಚ್ಚಿದರು.

"ಅತ್ತಿಗೆ, ಇದೇನು?" ಎಂದರು ಚಿಕ್ಕಮ್ಮ.

"ಮಾತಾಡಿಸ್ಬೇಡ. ಶಾಖ ಒಳಗೆ ಇಳೀತಾ ಇದೆ." ಸ್ವಲ್ಪ ಹೊತ್ತಾದ ಮೇಲೆ ಒಂದು ಕಣ್ಣು ತೆರೆದು ನನ್ನತ್ತ ನೋಡಿದರು. "ನೀನು ಕೊಡೋ ಮುಲಾಮು ಹಚ್ಚಿ ಹಚ್ಚಿ ಸೀರೆ ಹಾಳಾಯ್ತೇ ಹೊರತು ನೋವು ಹೋಗಿರ್ಲಿಲ್ಲ. ಇಲ್ನೋಡು." ಎದ್ದರು, ಕೂತರು, ಮತ್ತೆ ಎದ್ದರು. ಕುರ್ಚಿಯ ತೋಳು ಹಿಡಿಯದೆ! ನೆರೆದವರೆಲ್ಲ "ಆಹಾ" ಎಂದರು. ಔಷಧಿ ಅಂಗಡಿಯವನಾಗಿ ನಾನು ಹೇಳುತ್ತೇನೆ: ಅವರು ನಿಜವಾಗಿಯೂ ಸಲೀಸಾಗಿ ಎದ್ದರು. ಅದು ಇವತ್ತಿಗೂ ನನಗೆ ಅರ್ಥವಾಗಿಲ್ಲ.

ಸೆಕ್ರೆಟರಿಗೆ ಮಾತ್ರ ಜವಾಬ್ದಾರಿ ನೆನಪಾಯಿತು. ಅಗ್ನಿಶಾಮಕ ಕಚೇರಿಗೆ ಫೋನು ಮಾಡಿದರು. ಆಚೆಯವರ ಧ್ವನಿ ನಮಗೆಲ್ಲ ಕೇಳುತ್ತಿತ್ತು.

"ಬೆಂಕಿ ಇದೆಯಾ?"

"ಇಲ್ಲ ಸಾರ್."

"ಹೊಗೆ?"

"ಇಲ್ಲ ಸಾರ್."

"ಮತ್ತೆ ಏನಿದೆ?"

"ನೂರ ಇಪ್ಪತ್ತೇಳು ಇದೆ ಸಾರ್."

ಆಚೆಯವರು, "ಏನಾದ್ರೂ ಹೊತ್ತಿಕೊಂಡ ಮೇಲೆ ಮಾಡಿ," ಎಂದು ಫೋನಿಟ್ಟರು.

"ಅವರಿಗೂ ಕೈಲಾಗಲ್ಲ ಅಂತ ಒಪ್ಕೊಂಡ್ರು," ಎಂದು ಸೆಕ್ರೆಟರಿ ಎಲ್ಲರಿಗೂ ಗಂಭೀರವಾಗಿ ತಿಳಿಸಿದರು. "ನಾವೇ ಏನಾದ್ರೂ ಮಾಡ್ಬೇಕು."

ಮಾಡಿದರು. ಮನೆಮನೆಯಿಂದ ಮೇಜಿನ ಫ್ಯಾನುಗಳು ಬಂದವು. ನಿಲ್ಲುವ ಫ್ಯಾನುಗಳು ಬಂದವು. ಸೆಕ್ರೆಟರಿ ತಮ್ಮ ಮನೆಯ ಕೂಲರನ್ನು ಇಬ್ಬರ ಕೈಲಿ ಹೊರಿಸಿ ತಂದು, ಅದರ ತೊಟ್ಟಿಗೆ ಐಸು ಸುರಿದರು. ಎಲ್ಲವೂ ಯಂತ್ರದ ತೆರೆದ ಪಕ್ಕೆಗೆ ಮುಖ ಮಾಡಿ ಒಟ್ಟಿಗೆ ಶುರುವಾದಾಗ ಗೋಡೆಯ ಕ್ಯಾಲೆಂಡರು ಕಿತ್ತುಕೊಂಡು ಅಡುಗೆಮನೆಗೆ ಹಾರಿಹೋಯಿತು. ಚಿಕ್ಕಮ್ಮ ದಿಂಬಿನ ಚೀಲಗಳ ಕಟ್ಟನ್ನು ಎದೆಗವಚಿಕೊಂಡು ಕೂತರು. ಕೋಣೆ ತಣ್ಣಗಾಯಿತು, ಕೊರೆಯತೊಡಗಿತು, ಆಮೇಲೆ ತಡೆಯಲಾಗದಂತಾಯಿತು. ಸೆಕ್ರೆಟರಿ ಮನೆಗೆ ಓಡಿ ಮಂಕಿಕ್ಯಾಪು ಹಾಕಿಕೊಂಡು ಬಂದರು. ಅತ್ತೆ ಕಂಬಳಿ ಹೊದ್ದರು, ಮಂಡಿಗಳನ್ನು ಮಾತ್ರ ಬಿಟ್ಟು. ಹತ್ತಾರು ಜನ ಹಲ್ಲು ಕಟಕಟಿಸುತ್ತಾ, ಒಬ್ಬರಿಗೊಬ್ಬರು ಒತ್ತಿಕೊಂಡು, ಪರದೆಯ ಮೇಲಿನ ಆ ಕೆಂಪು ಅಂಕಿಯನ್ನೇ ನೋಡುತ್ತಾ ನಿಂತಿದ್ದೆವು.

ನೂರ ಇಪ್ಪತ್ತೇಳು.

"ಒಂದು ಡಿಗ್ರಿ! ಒಂದೇ ಒಂದು ಡಿಗ್ರಿ ಬಿಟ್ಟುಕೊಡ್ಲಿಲ್ಲ!" ಎಂದರು ಚಿಕ್ಕಪ್ಪ. ತುಟಿ ನೀಲಿಯಾಗಿತ್ತು. ಕಣ್ಣಲ್ಲಿ ನೀರು.

"ಎಂಥ ಛಲ ಸಾರ್," ಎಂದರು ಸೆಕ್ರೆಟರಿ, ಮಂಕಿಕ್ಯಾಪಿನೊಳಗಿಂದ. "ಮನುಷ್ಯರಲ್ಲಿ ಕಾಣೋಕೆ ಸಿಗಲ್ಲ."

ಈ ಸ್ಥಿತಿಯಲ್ಲಿ ಹೋಟೆಲಿನ ಮ್ಯಾನೇಜರು ಬಂದರು. ಇಸ್ತ್ರಿ ಮಾಡಿದ ಅಂಗಿ, ಹೊಳೆಯುವ ಬೂಟು, ಬಾಚಿದ ತಲೆ. ಬಾಗಿಲು ದಾಟಿದ ಕ್ಷಣವೇ ಗಾಳಿಗೆ ಆ ತಲೆ ಎದ್ದು ನಿಂತಿತು.

"ದಿಂಬಿನ ಚೀಲ ನೋಡೋಕೆ ಬಂದಿದ್ದೆ," ಎಂದು ಅವರು ಫ್ಯಾನುಗಳ ಸದ್ದಿನ ಮೇಲೆ ಕೂಗಿದರು.

ಚಿಕ್ಕಮ್ಮ ಎದ್ದು ನಿಂತು ಕಟ್ಟನ್ನು ಮುಂದೆ ಚಾಚಿದರು. ಬೆಳ್ಳಗೆ, ಖಾಲಿ, ಒಂದರ ಮೇಲೂ ಕೊಕ್ಕರೆಯ ಒಂದು ಪುಕ್ಕ ಸಹ ಇಲ್ಲ. ಅವರ ಮುಖ ನೋಡಲಾಗಲಿಲ್ಲ ನನಗೆ. ಒಂದು ವಾರದಿಂದ ಆ ಹಕ್ಕಿಯ ಕಾಲಿನ ಕೋನ ಸರಿಯಾಗಲಿಲ್ಲವೆಂದು ಬಿಡಿಸಿ ಅಳಿಸಿ ಬಿಡಿಸಿದ್ದವರು.

"ಹೊಲಿದಿಲ್ವಾ?"

"ಯಂತ್ರಕ್ಕೆ ಬಿಸಿ ಸಾರ್," ಎಂದು ಚಿಕ್ಕಪ್ಪ ಮುಂದೆ ಬಂದು ಪರದೆ ತೋರಿಸಿದರು.

ಮ್ಯಾನೇಜರು ಓದಿದರು. ಅವರೂ ಒಂದು ಹೆಜ್ಜೆ ಹಿಂದೆ ಸರಿದರು. "ನಮ್ಮ ಹೋಟೆಲಿನ ಬಾಯ್ಲರ್ರೇ ಅಷ್ಟಕ್ಕೆ ಹೋಗಲ್ವಲ್ರೀ!" ಎಂದು ಬೆರಗಾಗಿ, ಆಮೇಲೆ ಸಾವರಿಸಿಕೊಂಡು, "ನೋಡೀಮ್ಮಾ, ನನಗೆ ಬೇಜಾರಿದೆ. ಆದ್ರೆ ಹೋಟೆಲು ತೆರೆಯೋ ದಿನ ನಾನು ಬದಲಾಯಿಸೋಕಾಗಲ್ಲ. ಪೇಟೆ ಅಂಗಡಿಯವರು ಕೆಳಗೆ ಬಂದು ಕಾಯ್ತಿದಾರೆ..." ಎಂದರು.

ಚಿಕ್ಕಮ್ಮ ಕಟ್ಟನ್ನು ಕೆಳಗಿಟ್ಟರು. ಹೋಗಿ ಒಂದೊಂದೇ ಫ್ಯಾನು ಆರಿಸಿದರು. ಕೂಲರು ಆರಿಸಿದರು. ಕೋಣೆ ಇದ್ದಕ್ಕಿದ್ದಂತೆ ಎಷ್ಟು ನಿಶ್ಶಬ್ದವಾಯಿತೆಂದರೆ ಸೆಕ್ರೆಟರಿಯ ಹಲ್ಲುಗಳ ಸದ್ದು ಬೇರೆಯಾಗಿ ಕೇಳಿಸಿತು.

"ರೀ, ಒಂದು ಮಾತು ಕೇಳ್ತೀನಿ," ಎಂದರು. ಕೂಗಲಿಲ್ಲ. ಅದೇ ನಮಗೆ ಹೆಚ್ಚು ಹೆದರಿಕೆ ತಂದದ್ದು. "ನೀವು ಯಾರದೋ ಮನೆಗೆ ಮೀಟರ್ ನೋಡೋಕೆ ಹೋಗ್ತೀರ. ನಲ್ಲಿ ಪೂರ್ತಿ ತಿರುಗಿಸಿದ್ರೂ ಅದೇ ಅಂಕಿ. ಪೂರ್ತಿ ನಿಲ್ಲಿಸಿದ್ರೂ ಅದೇ ಅಂಕಿ. ಇಡೀ ಬೀದಿಯೋರು ಬಂದು ಸ್ನಾನ ಮಾಡಿ ಹೋದ್ರೂ ಅದೇ ಅಂಕಿ. ಆ ಮನೆಯವರಿಗೆ ಏನು ಹೇಳ್ತಿದ್ರಿ?"

"ಮೀಟರ್ ಸತ್ತಿದೆ ಅಂತ," ಎಂದರು ಚಿಕ್ಕಪ್ಪ. ನೌಕರಿಯಲ್ಲಿ ಜೀವಮಾನವೆಲ್ಲ ಹೇಳಿದ ಮಾತು, ತಡೆಯಿಲ್ಲದೆ ಬಂತು. ಬಾಯಿಂದ ಬಿದ್ದ ಮೇಲೆ ಅದು ಅವರ ಕಿವಿಗೇ ಕೇಳಿಸಿತು.

ಅವರು ಪರದೆಯತ್ತ ನೋಡಿದರು. ಫ್ಯಾನುಗಳತ್ತ ನೋಡಿದರು. ಬೆಣ್ಣೆಯ ಚಾಕುವಿನತ್ತ ನೋಡಿದರು.

"ಆದ್ರೆ... ಹೊಸದು ಕಣೇ ಇದು."

"ಹೊಸ ಮೀಟರು ಸತ್ತಿದ್ದೇ ಇಲ್ವಾ?"

"ಇದೆ. ಡಬ್ಬಿಯಿಂದ ತೆಗೆಯೋವಾಗಲೇ ಸತ್ತಿರೋದನ್ನ ಕಂಡಿದ್ದೀನಿ." ಚಿಕ್ಕಪ್ಪ ಮೂಗಿನ ಪೇಸ್ಟು ಒರೆಸಿಕೊಂಡರು. "ಸತ್ತಿದ್ರೆ ಸರಿ. ಅಕಸ್ಮಾತ್ ಬದುಕಿದ್ರೆ? ಅಷ್ಟು ಬಿಸಿ ನಿಜವಾಗ್ಲೂ ಇದ್ರೆ?"

"ಮುಟ್ಟಿ ನೋಡಿದ್ರೆ ಗೊತ್ತಾಗುತ್ತೆ," ಎಂದು ಚಿಕ್ಕಮ್ಮ ಗೆರೆ ದಾಟಿದರು. ಬಳೆ ಹಿಂದಕ್ಕೆ ಸರಿಸಿ ಯಂತ್ರದೊಳಕ್ಕೆ ಕೈ ಚಾಚಿದರು.

ಆಮೇಲೆ ನಡೆದದ್ದನ್ನು ನಾನು ಎಷ್ಟೋ ಜನಕ್ಕೆ ಹೇಳಿದ್ದೇನೆ, ಆದರೆ ನೆಟ್ಟಗೆ ಹೇಳಲು ಬಂದಿಲ್ಲ. ಚಿಕ್ಕಪ್ಪ, ಮೆಟ್ಟಿಲ ಮೇಲೆ ಜಿರಲೆ ಕಂಡರೆ ಲಿಫ್ಟಿಲ್ಲದ ಕಟ್ಟಡದಲ್ಲಿ ಲಿಫ್ಟು ಹುಡುಕುವ ಮನುಷ್ಯ, ಒಂದೇ ನೆಗೆತಕ್ಕೆ ಗೆರೆ ದಾಟಿ ಅವರ ಕೈಯನ್ನು ಆಚೆ ತಳ್ಳಿ, ತಮ್ಮ ಅಂಗೈಯನ್ನು ಒಳಗೆ ಇಟ್ಟುಬಿಟ್ಟರು. ನಾವೆಲ್ಲ ಗೆರೆಯ ಈಚೆ ನಿಂತು ಜಾತ್ರೆಯಂತೆ ನೋಡಿದ ಆ ಅಂಕಿಯನ್ನು ಅವರೊಬ್ಬರೇ ಪೂರ್ತಿ ನಂಬಿದ್ದವರು ಎಂಬುದು ನೆನಪಿರಲಿ. ಅವರ ಮಟ್ಟಿಗೆ ಅದು ಕುದಿಯುವ ನೀರಿಗಿಂತ ಬಿಸಿಯಾದದ್ದು. ಕಣ್ಣು ಬಿಗಿಯಾಗಿ ಮುಚ್ಚಿದ್ದರು. ಸೆಕ್ರೆಟರಿ ಮಂಕಿಕ್ಯಾಪನ್ನು ಕಣ್ಣು ಮುಚ್ಚುವಂತೆ ಎಳೆದುಕೊಂಡರು.



ಚಿಕ್ಕಪ್ಪ ಒಂದು ಕಣ್ಣು ತೆರೆದರು. ಅಂಗೈಯನ್ನು ಬೋರ್ಡಿನ ಉದ್ದಕ್ಕೆ, ಫ್ಯಾನಿನ ಕೆಳಗಿನ ಲೋಹದ ಹಲ್ಲುಗಳ ಮೇಲೆ, ಮಲಗಿದ ಮಗುವಿನ ಬೆನ್ನು ಸವರಿದಂತೆ ಸವರಿದರು.

"ಇಲ್ಲಿ ಸ್ವಲ್ಪ ಬೆಚ್ಚಗಿದೆ," ಎಂದರು ಮೆಲ್ಲಗೆ.

"ಎಷ್ಟು ಸಾರ್?" ಎಂದರು ಸೆಕ್ರೆಟರಿ ಟೋಪಿಯೊಳಗಿಂದ.

"ಟೀ ಕುಡಿದಿಟ್ಟ ಲೋಟದಷ್ಟು."

"ಡಿಗ್ರೀಲಿ ಹೇಳಿ ಸಾರ್!"

"ಡಿಗ್ರಿ ಗೊತ್ತಿಲ್ಲ ಕಣ್ರೀ. ಲೋಟದಷ್ಟು."

ನಾನು ಬೆರಗಾಗಿ ಅವರನ್ನೇ ನೋಡಿದೆ. ನಮ್ಮ ಚಿಕ್ಕಪ್ಪ ಅಂಕಿಯಿಲ್ಲದೆ ಒಂದು ಅಳತೆ ಹೇಳಿದ್ದರು!

ಚಿಕ್ಕಮ್ಮ ಆಗಲೇ ಬೋರ್ಡಿನ ಅಂಗಡಿಯವನಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟಿದ್ದರು. "ಮೂರನೇ ಸಾಲಲ್ಲಿ ನೂರ ಇಪ್ಪತ್ತೇಳು ಅಂತ ಬರ್ತಿದೆ," ಎಂದರು.

"ಅದಕ್ಕೇನಾದ್ರೂ ತಂತಿ ಸಿಕ್ಕಿಸಿದೀರಾ?"

"ಯಾವ ತಂತಿ?"

"ಬೇಕಾದವರು ಬಿಸಿ ಅಳೆಯೋ ತಂತಿ ಒಂದನ್ನ ಸಿಕ್ಕಿಸ್ಕೊಳ್ಳಿ ಅಂತ ಈ ಬೋರ್ಡಲ್ಲಿ ಎರಡು ಸಣ್ಣ ಪಿನ್ನು ಖಾಲಿ ಬಿಟ್ಟಿರ್ತಾರಮ್ಮ. ನಿಮ್ಮ ಹಳೇದರಲ್ಲಿ ಇರ್ಲಿಲ್ಲ. ಏನೂ ಸಿಕ್ಕಿಸದೆ ಇದ್ರೆ ಅದು ತನಗೆ ಬರೋದ್ರಲ್ಲೇ ದೊಡ್ಡ ಅಂಕಿ ಹೇಳ್ಬಿಡುತ್ತೆ. ಅದಕ್ಕೆ ಎಣಿಸೋಕೆ ಬರೋದೇ ನೂರ ಇಪ್ಪತ್ತೇಳರ ತನಕ. ಬೆಳಿಗ್ಗೆ ಯಜಮಾನ್ರು ಒಂಚೂರು ಬೆಚ್ಚಗೆ ಅಂದ್ರಲ್ಲ? ಆಗಲೇ ಅಂಕಿ ಹೇಳಿದ್ರೆ ಆಗಲೇ ಮುಗೀತಿತ್ತು."

ಚಿಕ್ಕಮ್ಮ ಚಿಕ್ಕಪ್ಪನತ್ತ ನೋಡಿದರು. ಚಿಕ್ಕಪ್ಪ ಕೂಲರಿನತ್ತ ನೋಡಿದರು.

"ಹಾಗಾದ್ರೆ ಅಲ್ಲಿ ಏನೂ ಇಲ್ವಾ?" ಎಂದರು ಕೊನೆಗೆ, ಫೋನಿನ ಕಡೆ ಬಾಗಿ.

"ಏನೂ ಇಲ್ಲ ಸಾರ್."

"ಏನೂ ಇಲ್ಲದ್ದಕ್ಕೆ ನೂರ ಇಪ್ಪತ್ತೇಳು!" ಚಿಕ್ಕಪ್ಪನ ಬೆರಗು ಕಡಿಮೆಯಾಗುವ ಬದಲು ಇಮ್ಮಡಿಯಾಯಿತು. "ಅಬ್ಬಾ! ಇದ್ದಿದ್ರೆ ಇನ್ನೆಷ್ಟು ಹೇಳ್ತಿತ್ತೋ!"

ಜನಕ್ಕೆ ಬಹಳ ನಿರಾಸೆಯಾಯಿತು. ತಮ್ಮ ತಮ್ಮ ಫ್ಯಾನುಗಳನ್ನು ಎತ್ತಿಕೊಂಡು, ವೈರು ಸುತ್ತುತ್ತಾ, ಯಾರನ್ನೂ ನೋಡದೆ ಹೊರಟರು.

"ಹಾಗಾದ್ರೆ ನಾನು ಬೆವರಿದ್ದು?" ಎಂದು ಸೆಕ್ರೆಟರಿ ಬಾಗಿಲಲ್ಲಿ ನಿಂತು ಪಟ್ಟು ಹಿಡಿದರು.

"ಮೂರು ಮಹಡಿ ಹತ್ತಿ ಛತ್ರಿ ಜಗಳ ಆಡ್ಕೊಂಡು ಬಂದಿದ್ರಿ," ಎಂದೆ.

"ಯಾರು ಏನಾದ್ರೂ ಹೇಳ್ಕೊಳ್ಳಿ," ಎಂದರು ಅತ್ತೆ, ಕುರ್ಚಿಯನ್ನು ತಾವೇ ಎತ್ತಿಕೊಂಡು. "ನನ್ನ ಮಂಡಿಗೆ ಇದೆಲ್ಲ ಗೊತ್ತಾಗಲ್ಲ. ಅದಕ್ಕೆ ವಾಸಿಯಾಗಿದೆ." ಅವರು ಕುಂಟದೆ ನಡೆದು ಹೋದರು.

ಮ್ಯಾನೇಜರು ಮಾತ್ರ ಹೋಗಿರಲಿಲ್ಲ. ಕೂದಲು ಒತ್ತಿಕೊಳ್ಳುತ್ತಾ, "ಒಂದು ಹೊಲಿದು ತೋರಿಸ್ತೀರಾ?" ಎಂದರು. ಚಿಕ್ಕಮ್ಮ ಆಗಲೇ ಬಟ್ಟೆಯನ್ನು ಚೌಕಟ್ಟಿಗೆ ಬಿಗಿದಿದ್ದರು. ಗುಂಡಿ ಒತ್ತಿದರು.

ಸೂಜಿ ಬಟ್ಟೆಗೆ ಇಳಿಯಿತು. ಖಾಲಿ ಬಿಳುಪಿನಲ್ಲಿ ಮೊದಲು ಒಂದು ಚುಕ್ಕೆ, ಅಲ್ಲಿಂದ ಒಂದು ಬಾಗು, ಬಾಗಿನಿಂದ ಕೊಕ್ಕು. ಯಾರೂ ಹಿಡಿಯದ ಸೂಜಿ, ಎಲ್ಲಿಗೆ ಹೋಗಬೇಕೆಂದು ತನಗೇ ಗೊತ್ತಿರುವಂತೆ, ತಡವರಿಸದೆ ಕತ್ತಿನ ಇಳಿಜಾರಿನಲ್ಲಿ ಇಳಿಯಿತು, ರೆಕ್ಕೆಯ ಒಂದೊಂದು ಗರಿಯನ್ನೂ ಹೋಗಿ ಬಂದು ತುಂಬಿತು. ಮೊದಲ ಚೀಲ ಮುಗಿದಾಗ ಮ್ಯಾನೇಜರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಹೆಬ್ಬೆರಳಿನಿಂದ ಹಕ್ಕಿಯ ಬೆನ್ನು ಉಜ್ಜಿ ನೋಡಿದರು. ಆಮೇಲೆ ಬಾಲ್ಕನಿಗೆ ಹೋಗಿ, ಕೆಳಗೆ ಕಾಯುತ್ತಿದ್ದ ಪೇಟೆ ಅಂಗಡಿಯವರಿಗೆ, "ನೀವು ಹೊರಡಿ, ಕೆಲ್ಸ ಇಲ್ಲಿಗೇ ಕೊಟ್ಟಾಯ್ತು," ಎಂದು ಕೂಗಿ ಬಂದರು. ಬಂದವರ ಕೈಗೆ ಚಿಕ್ಕಮ್ಮ ಟೀ ಕೊಟ್ಟರು. ಅವರು ಕುಡಿಯುವುದು ಮರೆತು ಎರಡನೆಯ ಕೊಕ್ಕರೆಯ ಮುಂದೆ ಸ್ಟೂಲು ಎಳೆದುಕೊಂಡರು.

ಚಿಕ್ಕಪ್ಪ ಇನ್ನೂ ಕಂಪ್ಯೂಟರಿನ ಮುಂದೆಯೇ ಇದ್ದರು.

"ರೀ, ಅದನ್ನ ಮುಚ್ಚಿ ಇಲ್ಲಿ ಬನ್ನಿ," ಎಂದರು ಚಿಕ್ಕಮ್ಮ. "ದಾರ ನೋಡ್ಕೊಳ್ಳೋಕೆ ಒಬ್ಬರು ಬೇಕು."

ಚಿಕ್ಕಪ್ಪ ಬಂದು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತರು. ಮೂಗು ಸೂಜಿಗೆ ತಾಗುವಷ್ಟು ಹತ್ತಿರ.

"ಇದನ್ನ ಎಷ್ಟೊತ್ತು ಬೇಕಾದ್ರೂ ನೋಡ್ಬಹುದಲ್ವಾ ಸಾರ್?" ಎಂದರು ಮ್ಯಾನೇಜರು.

"ಮಾತಾಡ್ಬೇಡಿ," ಎಂದರು ಚಿಕ್ಕಪ್ಪ. "ಕಾಲು ಬರ್ತಿದೆ."

ಹಕ್ಕಿಯ ಆ ಒಂದೇ ಕಾಲು ಮೊಣಕಾಲಿನವರೆಗೆ ಇಳಿದಿತ್ತು. ಅಷ್ಟರಲ್ಲಿ ದಾರ ಎಲ್ಲೋ ಮೇಲೆ ಸದ್ದಿಲ್ಲದೆ ತುಂಡಾಯಿತು. ಚಿಕ್ಕಪ್ಪ ಕೈ ಚಾಚಿ ಗುಂಡಿ ಒತ್ತಿದರು, ಸೂಜಿ ನಿಂತಿತು. ದಾರ ತುಂಡಾಗಿದೆ ಎಂದು ಯಂತ್ರ ಕೂಗಿಕೊಂಡದ್ದು ಆಮೇಲೆ.